ಹೊಟ್ಟೆ ಖಾಲಿಯಾಗುವುದೇ ಇಲ್ಲ, ತೂಕ ಇಳಿಯುತ್ತಿದೆ. ದ್ರವ ಊಟ ಮನೆಯಲ್ಲೇ ಮಾಡಿಕೊಳ್ಳುವವರು ಇದ್ದೀರಾ?

ನೀಲಿಛತ್ರಿ
ನನ್ನ ತಮ್ಮನಿಗೆ ಗ್ಯಾಸ್ಟ್ರೋಪರೇಸಿಸ್, ಅಂದರೆ ಜಠರ ತುಂಬಾ ನಿಧಾನವಾಗಿ ಖಾಲಿಯಾಗುವ ಕಾಯಿಲೆ, ಅಂತ ಗೊತ್ತಾಗಿದೆ. ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಲ್ಲಿ ಹಾಗೇ ಬರುತ್ತದೆ. ಸ್ಕ್ಯಾನ್ ಮಾಡಿದಾಗ ನಾಲ್ಕು ಗಂಟೆ ಕಳೆದರೂ ತಿಂದದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೊಟ್ಟೆಯಲ್ಲೇ ಇತ್ತು. ಸಕ್ಕರೆ ಕಾಯಿಲೆ ಇಲ್ಲ, ಒಂದು ಜ್ವರ ಬಂದು ಹೋದ ಮೇಲೆ ಶುರುವಾದದ್ದು. ಡಾಕ್ಟರು ಔಷಧಿ ಬರೆದುಕೊಟ್ಟು, ಸದ್ಯಕ್ಕೆ ಊಟ ಹೆಚ್ಚಾಗಿ ದ್ರವ ರೂಪದಲ್ಲೇ ಇರಲಿ ಅಂದರು. ಎಂಥದ್ದು, ಎಷ್ಟು, ಹೇಗೆ ಅಂತ ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಊಟದ ಬದಲು ಕಲಕಿ ಕುಡಿಯುವ ಡಬ್ಬಿ ಪುಡಿ ತಂದೆವು. ಎಲ್ಲವೂ ಸಿಹಿ. ವೆನಿಲಾ ವಾಸನೆ ಬಡಿದರೇ ಅವನಿಗೆ ವಾಕರಿಕೆ. ಹಾಗಾಗಿ ತರಕಾರಿ ಬೇಯಿಸಿ ಮಿಕ್ಸಿಗೆ ಹಾಕಿ ಕೊಡುತ್ತಿದ್ದೇನೆ. ಕುಡಿಯುತ್ತಾನೆ, ವಾಂತಿಯೂ ಕಡಿಮೆಯಾಗಿದೆ, ಆದರೆ ತೂಕ ಮಾತ್ರ ಇಳಿಯುತ್ತಲೇ ಇದೆ. ಅನ್ನ ಸೇರಿಸಿ ರುಬ್ಬಿದರೆ ಆರುವಷ್ಟರಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ನೀರು ಬೆರೆಸಿದರೆ ಒಂದು ಲೋಟ ಇದ್ದದ್ದು ಎರಡಾಗುತ್ತದೆ, ಅಷ್ಟು ಅವನ ಕೈಲಿ ಆಗುವುದಿಲ್ಲ.

ಉಪ್ಪು ರುಚಿಯ, ಮನೆಯಲ್ಲೇ ಆಗುವ, ತೂಕ ನಿಲ್ಲಿಸುವಂಥದ್ದು ಯಾರಾದರೂ ಮಾಡುತ್ತೀರಾ?

ಹಳೇಮಿಕ್ಸಿ
ಮಾಡುತ್ತೇನೆ. ನನಗೂ ಇದೇ ಕಾಯಿಲೆ, ಹಳೆಯದು.

ಮೊದಲು ಒಂದು ವಿಷಯ. ಜಠರಕ್ಕೆ ಎರಡು ಕೆಲಸ. ಅರೆಯುವುದು, ಆಮೇಲೆ ತಳ್ಳುವುದು. ಗಟ್ಟಿ ಊಟ ಹೆಚ್ಚುಕಡಿಮೆ 1-2 ಮಿಲಿಮೀಟರ್ ಚೂರಾಗುವ ತನಕ ಕೆಳಗಿನ ಬಾಗಿಲು ಅದನ್ನು ಬಿಡುವುದಿಲ್ಲ. ದ್ರವಕ್ಕೆ ಅರೆಯುವ ಕೆಲಸವೇ ಬೇಡ, ಹಾಗಾಗಿ ನಮ್ಮಂಥವರಲ್ಲೂ ಅದು ಎಷ್ಟೋ ಸಲೀಸಾಗಿ ಇಳಿದುಹೋಗುತ್ತದೆ. ಅಂದರೆ ಮಿಕ್ಸಿ ನಿಮ್ಮ ತಮ್ಮನ ಹೊಟ್ಟೆಯ ಅರ್ಧ ಕೆಲಸ ಮಾಡಬೇಕು. ನುಣ್ಣಗೆ ಕಂಡರೆ ಸಾಲದು, ಜರಡಿ ಹಿಡಿಯಬೇಕು. ಒಂದು ಸಲ ಸೋಸಿ ನೋಡಿ, ಜರಡಿಯಲ್ಲಿ ಉಳಿಯುವ ಸಿಪ್ಪೆ, ಎಳೆ, ಬೀಜ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಟೊಮೆಟೊ ಸಿಪ್ಪೆ ಅಂತೂ ಎಂಥ ಮಿಕ್ಸಿಗೂ ಬಗ್ಗುವುದಿಲ್ಲ, ಸುರುಳಿ ಸುತ್ತಿಕೊಂಡು ಕೂತಿರುತ್ತದೆ.

ಲೆಕ್ಕದಮೇಷ್ಟ್ರು
ತೂಕ ಯಾಕೆ ಇಳಿಯುತ್ತಿದೆ ಅಂದರೆ ನೀವು ಕೊಡುತ್ತಿರುವುದು ಊಟ ಅಲ್ಲ, ಬಣ್ಣದ ನೀರು. ಬೇಜಾರು ಮಾಡಿಕೊಳ್ಳಬೇಡಿ. ಬರೀ ತರಕಾರಿ ಸೂಪ್ ಒಂದು ದೊಡ್ಡ ಲೋಟ ಕುಡಿದರೂ 100 ಕ್ಯಾಲರಿ ದಾಟುವುದು ಕಷ್ಟ. ಆಸ್ಪತ್ರೆಯಲ್ಲಿ ಕೊಡುವ ಮಾಮೂಲಿ ದ್ರವ ಆಹಾರದಲ್ಲಿ ಒಂದು ಎಂಎಲ್‌ಗೆ 1 ಕ್ಯಾಲರಿ ಇರುತ್ತದೆ, ದಟ್ಟವಾದದ್ದರಲ್ಲಿ 1.5. ನಿಮ್ಮ ಗುರಿಯೂ ಅದೇ ಆಗಬೇಕು. ಲೋಟ ದೊಡ್ಡದು ಮಾಡುವುದಲ್ಲ, ಲೋಟದೊಳಗೆ ಜಾಸ್ತಿ ತುಂಬಿಸುವುದು.

ಉಪ್ಪಿನದು ಕೇಳಿದ್ದೀರಿ, ತೆಗೆದುಕೊಳ್ಳಿ. ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ 100 ಗ್ರಾಂ, ಸುಮಾರು 85 ಕ್ಯಾಲರಿ. ಮೆತ್ತಗೆ ಬೆಂದ ಕೋಳಿ ಎದೆ ಮಾಂಸ 50 ಗ್ರಾಂ, 80 ಕ್ಯಾಲರಿ, ಪ್ರೋಟೀನ್ 15 ಗ್ರಾಂ. ಎಣ್ಣೆ ಒಂದು ದೊಡ್ಡ ಚಮಚ, 120 ಕ್ಯಾಲರಿ. ಅದೇ ಬೇಯಿಸಿದ ನೀರು 120-150 ಎಂಎಲ್, ಉಪ್ಪು. ಒಟ್ಟು 285 ಕ್ಯಾಲರಿ, 300 ಎಂಎಲ್ ಒಳಗೆ. ಇದನ್ನು ಎರಡು ಸಲಕ್ಕೆ ಹಂಚಿ ಕೊಡಿ. ಒಂದೇ ಉಸಿರಿಗೆ ಕುಡಿಸಬೇಡಿ.

ಮಾಂಸ ತಿನ್ನದವರು ಕೋಳಿ ಬದಲು ಕೆನೆ ತೆಗೆದ ಹಾಲಿನ ಪುಡಿ ಹಾಕಿ. 15 ಗ್ರಾಂನಲ್ಲಿ 5 ಗ್ರಾಂ ಪ್ರೋಟೀನ್, ಗಾತ್ರ ಒಂಚೂರೂ ಹೆಚ್ಚುವುದಿಲ್ಲ.

ಕಾಗೆಬಂಗಾರ
ಒಂದು ದೊಡ್ಡ ಚಮಚ ಎಣ್ಣೆನಾ? ಕೊಬ್ಬು ಜಠರವನ್ನು ನಿಧಾನ ಮಾಡುತ್ತದೆ ಅಂತ ಎಲ್ಲ ಕಡೆ ಇದೆಯಲ್ಲ ಮೇಷ್ಟ್ರೇ. ಗ್ಯಾಸ್ಟ್ರೋಪರೇಸಿಸ್ ಇರುವವರಿಗೆ ಕೊಬ್ಬು ಬೇಡ ಅನ್ನುವುದು ಮೊದಲ ಪಾಠ.

ಹಳೇಮಿಕ್ಸಿ
ಪಾಠ ಸರಿ, ಆದರೆ ಅದು ಹೆಚ್ಚಾಗಿ ಕರಿದದ್ದು, ಕೊಬ್ಬಿನ ಮಾಂಸ, ಅಂಥ ಗಟ್ಟಿ ಊಟದ ಮಾತು. ಅದೇ ಕೊಬ್ಬು ದ್ರವದಲ್ಲಿ ಬೆರೆತು ಬಂದರೆ ತುಂಬಾ ಜನರಿಗೆ ಒಗ್ಗುತ್ತದೆ. ಕೊಬ್ಬು ಪೂರ್ತಿ ಬಿಟ್ಟರೆ ಇಷ್ಟು ಸಣ್ಣ ಲೋಟದಲ್ಲಿ ತೂಕ ನಿಲ್ಲಿಸುವುದಕ್ಕೆ ಆಗುವುದೇ ಇಲ್ಲ. ಆದರೆ ಮೊದಲ ದಿನವೇ ದೊಡ್ಡ ಚಮಚ ಬೇಡ. ಟೀ ಚಮಚದಿಂದ ಶುರು ಮಾಡಿ, ಅದರಲ್ಲೂ 40 ಕ್ಯಾಲರಿ ಇದೆ. ಎರಡು ಮೂರು ದಿನ ನೋಡಿ ಏರಿಸಿ.

ಇನ್ನೊಂದು. ಎಣ್ಣೆ ಕೊನೆಗೆ ಮೇಲೆ ಸುರಿಯಬೇಡಿ. ತೇಲುತ್ತದೆ, ಮೊದಲ ಗುಟುಕಿನಲ್ಲೇ ಅಷ್ಟೂ ಬಾಯಿಗೆ ಬರುತ್ತದೆ, ಆಮೇಲೆ ಆ ಲೋಟದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮಿಕ್ಸಿ ಓಡುತ್ತಿರುವಾಗಲೇ ಸಣ್ಣ ಧಾರೆಯಾಗಿ ಬಿಡಿ. ಆಲೂಗಡ್ಡೆ, ಹಾಲಿನ ಪುಡಿ ಅಥವಾ ಬೆಂದ ಮೊಟ್ಟೆಯ ಹಳದಿ ಜೊತೆಗಿದ್ದರೆ ಬಿಳಿಚಿಕೊಂಡು ಚೆನ್ನಾಗಿ ಬೆರೆಯುತ್ತದೆ, ಬೇಗ ಬೇರ್ಪಡುವುದಿಲ್ಲ.

ಕಾಗೆಬಂಗಾರ
ಹ್ಞೂಂ. ಟೀ ಚಮಚ ಅಂದರೆ ಒಪ್ಪುತ್ತೇನೆ.

ಗಟ್ಟಿಬೇರು
ಯಾರೂ ಮೂಲಕ್ಕೆ ಹೋಗುತ್ತಿಲ್ಲ. ಹೊಟ್ಟೆ ದಣಿದಿದೆ, ಅದಕ್ಕೆ ವಿಶ್ರಾಂತಿ ಬೇಕು. ಒಂದು ವಾರ ಬರೀ ಹಸಿ ಸೊಪ್ಪಿನ ರಸ, ರಾತ್ರಿ ನೆನೆಸಿದ ಚಿಯಾ ಬೀಜ, ಬೇರೇನೂ ಬೇಡ. ವಿಷ ಎಲ್ಲ ಹೊರಗೆ ಹೋಗಿ ಹೊಟ್ಟೆ ತಾನಾಗಿ ಸರಿಹೋಗುತ್ತದೆ. ಬೇಯಿಸಿ ಸತ್ವ ಕೊಂದು ಕ್ಯಾಲರಿ ಎಣಿಸುವುದರಲ್ಲಿ ಏನಿದೆ?

ರಾತ್ರಿಪಾಳಿ
ದಯವಿಟ್ಟು ಇದನ್ನು ಮಾಡಬೇಡಿ. ನಾನು ನರ್ಸ್, ಇಂಥವರನ್ನು ವಾರ್ಡಿನಲ್ಲಿ ನೋಡಿದ್ದೇನೆ.

ನಿಧಾನ ಹೊಟ್ಟೆಯಲ್ಲಿ ಹಸಿ ನಾರು ಕೂತರೆ ಒಂದಕ್ಕೊಂದು ಹೆಣೆದುಕೊಂಡು ಗಡ್ಡೆ ಕಟ್ಟುತ್ತದೆ, ಬೆಜೋರ್ ಅನ್ನುತ್ತಾರೆ. ಎಂಡೋಸ್ಕೋಪಿ ಹಾಕಿ ಒಡೆದು ತೆಗೆಯಬೇಕಾಗಬಹುದು. ಚಿಯಾ ನೀರು ಹೀರಿ ಊದಿಕೊಳ್ಳುತ್ತದೆ, ಇವರಿಗೆ ಬೇಕಿರುವುದಕ್ಕೆ ಪೂರ್ತಿ ಉಲ್ಟಾ. ಬೇರೆಯವರಿಗೆ ಒಳ್ಳೆಯದು ಅನ್ನುವ ನಾರು ಇವರಿಗೆ ಸದ್ಯ ಶತ್ರು.

ಉಪವಾಸದ ಮಾತು ಇನ್ನೂ ಅಪಾಯ. ತೂಕ ಇಳಿದು ಸೊರಗಿದವರು ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದಿದ್ದು, ಆಮೇಲೆ ಒಮ್ಮೆಲೇ ಚೆನ್ನಾಗಿ ತಿನ್ನಲು ಶುರು ಮಾಡಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿಯಬಹುದು. ಹೃದಯದ ಬಡಿತವೇ ತಪ್ಪಬಹುದು. ರೀಫೀಡಿಂಗ್ ಸಿಂಡ್ರೋಮ್ ಅಂತ ಹೆಸರು. ನೀಲಿಛತ್ರಿಯವರೇ, ನಿಮ್ಮ ತಮ್ಮ ಈಚೆಗೆ ಹಲವು ದಿನ ಏನೂ ತಿಂದಿಲ್ಲ ಅನ್ನುವ ಹಾಗಿದ್ದರೆ ಮೇಷ್ಟ್ರ ಲೋಟ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ಹೇಳಿ ನಿಧಾನವಾಗಿ ಏರಿಸಿ.

ಗಟ್ಟಿಬೇರು
ನನ್ನ ಪರಿಚಯದವರಿಗೆ ಇದರಿಂದಲೇ ಗುಣವಾಗಿದೆ.

ಸಣ್ಣಕರುಳು
ಯಾವ ಕಾಯಿಲೆ ಗುಣವಾಯಿತು ಸ್ವಾಮಿ? ಗ್ಯಾಸ್ ಇರುವವರಿಗೂ, ಜಠರವೇ ನಿಂತುಹೋದವರಿಗೂ ಒಂದೇ ರಸನಾ?

ನೀಲಿಛತ್ರಿ
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಪಾಳಿ ಅವರೇ, ಊಟ ಪೂರ್ತಿ ಬಿಟ್ಟಿಲ್ಲ, ಕಮ್ಮಿ ಮಾಡಿದ್ದಾನೆ ಅಷ್ಟೇ. ಆದರೂ ರಕ್ತ ಪರೀಕ್ಷೆಗೆ ಬರೆಸಿಕೊಳ್ಳುತ್ತೇನೆ. ಆಲೂಗಡ್ಡೆ-ಕೋಳಿ ಇವತ್ತು ಮಾಡಿದೆ. ಸೋಸಿದ ಮೇಲೆ ಜರಡಿಯಲ್ಲಿ ಕೋಳಿಯ ಬಿಳಿ ಎಳೆಗಳು ಹತ್ತಿಯ ಹಾಗೆ ಮೆತ್ತಿಕೊಂಡಿದ್ದವು. ಪ್ರೋಟೀನ್ ಎಲ್ಲ ಜರಡಿಯಲ್ಲೇ ಉಳಿಯಿತಾ ಅಂತ ಅನುಮಾನ. ಗಟ್ಟಿಯಾಗುವ ಸಮಸ್ಯೆಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಅಡುಗೆಪ್ರಯೋಗ
ಕೋಳಿ ಮೊದಲು. ನೀವು ಎಲ್ಲ ಒಟ್ಟಿಗೆ ಹಾಕಿ ರುಬ್ಬಿದ್ದೀರಿ ಅನಿಸುತ್ತದೆ. ಬೆಂದ ಕೋಳಿಯನ್ನು ಎಳೆಗೆ ಅಡ್ಡಲಾಗಿ ಸಣ್ಣಗೆ ಹೆಚ್ಚಿ, ಅದು ಮುಳುಗುವಷ್ಟೇ ಬಿಸಿ ನೀರು ಹಾಕಿ ಮೊದಲು ಅದೊಂದನ್ನೇ ರುಬ್ಬಿ. ನೀರು ಜಾಸ್ತಿ ಇದ್ದರೆ ಚೂರುಗಳು ಬ್ಲೇಡಿಗೆ ಸಿಗದೆ ಸುತ್ತುತ್ತಲೇ ಇರುತ್ತವೆ. ಮುದ್ದೆಯಾದ ಮೇಲೆ ಉಳಿದದ್ದು. ಇಲ್ಲದಿದ್ದರೆ ಮೊಟ್ಟೆ ಹಾಕಿ, ಒಂದರಲ್ಲಿ 6 ಗ್ರಾಂ ಪ್ರೋಟೀನ್, ಎಳೆಯ ಕಾಟವೇ ಇಲ್ಲ. ಹಸಿ ಮೊಟ್ಟೆ ಮಾತ್ರ ಖಂಡಿತಾ ಬೇಡ, ಪೂರ್ತಿ ಬೆಂದಿರಲಿ.

ಈಗ ಗಟ್ಟಿಯಾಗುವುದು. ಅಕ್ಕಿ, ಓಟ್ಸ್, ಯಾವ ಧಾನ್ಯವೇ ಇರಲಿ, ಪಿಷ್ಟ ಬಿಸಿಯಲ್ಲಿ ನೀರು ಕುಡಿದು ಊದಿಕೊಳ್ಳುತ್ತದೆ, ಆರಿದಾಗ ಬಿಗಿಯುತ್ತದೆ. ನೀರು ಹಾಕುವುದು ಪರಿಹಾರ ಅಲ್ಲ, ಅದರಿಂದ ಸತ್ವ ತೆಳ್ಳಗಾಗುತ್ತದೆ. ಒಂದು ಹಳೆಯ ಉಪಾಯ ಇದೆ, ಮಕ್ಕಳ ಗಂಜಿಗೆ ಬಳಸುತ್ತಾರೆ. ಮೊಳಕೆ ಬರಿಸಿ ಒಣಗಿಸಿ ಪುಡಿ ಮಾಡಿದ ಧಾನ್ಯದ ಹಿಟ್ಟು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಎಂಜೈಮ್ ಹುಟ್ಟುತ್ತದೆ, ಅದು ಪಿಷ್ಟವನ್ನು ಕತ್ತರಿಸುತ್ತದೆ. ಚಮಚ ನಿಲ್ಲುವಂಥ ಗಂಜಿಗೆ ಒಂದು ಟೀ ಚಮಚ ಈ ಹಿಟ್ಟು ಹಾಕಿ ಕಲಕುತ್ತಾ ಇರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಸಡಿಲವಾಗಿ, ಕಲಕುವ ಕೈ ಹಗುರಾಗಿ, ಸ್ವಲ್ಪ ಹೊತ್ತಿಗೆ ಚಮಚದಿಂದ ಧಾರೆಯಾಗಿ ಬೀಳುತ್ತದೆ. ಹಿಟ್ಟು ಅಷ್ಟೇ, ನೀರು ಅಷ್ಟೇ. ಒಂದು ತೊಟ್ಟೂ ಸೇರಿಸದೆ ಗಂಜಿ ತೆಳ್ಳಗಾಯಿತು. ಅಂದರೆ ಅದೇ ಲೋಟದಲ್ಲಿ ಇನ್ನಷ್ಟು ಧಾನ್ಯ ಹಿಡಿಸಬಹುದು.

ಕುದಿಯುವಾಗ ಹಾಕಬೇಡಿ, ಎಂಜೈಮ್ ಸತ್ತುಹೋಗುತ್ತದೆ. 60-65 ಡಿಗ್ರಿಗೆ ಇಳಿದ ಮೇಲೆ ಹಾಕಿ. ತೆಳ್ಳಗಾದ ಮೇಲೆ ಮತ್ತೆ ಒಂದೆರಡು ನಿಮಿಷ ಕುದಿಸಿ, ಮೊಳಕೆ ಹಿಟ್ಟಿನಲ್ಲಿ ರೋಗಾಣು ಇರಬಹುದು.

ಲೆಕ್ಕದಮೇಷ್ಟ್ರು
ಇದು ನನಗೂ ಗೊತ್ತಿರಲಿಲ್ಲ. ನಾಳೆಯೇ ಮಾಡುತ್ತೇನೆ, ನನಗೆ ಕಾಯಿಲೆ ಇಲ್ಲದಿದ್ದರೂ.

ಗೋಧಿಬೇಡ
ಸೀಲಿಯಾಕ್ (ಗ್ಲೂಟೆನ್ ಅನ್ನುವ ಧಾನ್ಯದ ಪ್ರೋಟೀನ್ ಆಗದ ಕಾಯಿಲೆ) ಇರುವವರು ಹುಷಾರು. ಬಾರ್ಲಿ ಮಾಲ್ಟ್, ಗೋಧಿ ಮೊಳಕೆ ಎರಡರಲ್ಲೂ ಗ್ಲೂಟೆನ್ ಇದೆ, ಎಂಜೈಮ್ ಬಂತು ಅಂತ ಗ್ಲೂಟೆನ್ ಹೋಗುವುದಿಲ್ಲ. ಜೋಳ, ಅಕ್ಕಿಯ ಮೊಳಕೆ ಹಿಟ್ಟು ನಡೆಯುತ್ತದೆ. ಅಂಗಡಿಯ ಮಾಲ್ಟ್ ಪಾನೀಯಗಳಲ್ಲಿ ಎಂಜೈಮ್ ಹೆಚ್ಚಾಗಿ ಸತ್ತೇ ಇರುತ್ತದೆ, ಅದನ್ನು ಹಾಕಿ ಗಂಜಿ ಕರಗಲಿಲ್ಲ ಅಂತ ಬಂದು ಕೇಳಬೇಡಿ.

ಮೀನಾಕ್ಷರ
ಸಕ್ಕರೆ ಕಾಯಿಲೆ ಇರುವವರಿಗೂ ಒಂದು ಮಾತು. ಪಿಷ್ಟ ಒಡೆದರೆ ಅದು ಸಕ್ಕರೆಯೇ, ಗಂಜಿ ಸಿಹಿಯಾಗುವುದು ಅದಕ್ಕೇ. ನನಗೆ ಡಯಾಬಿಟೀಸ್‌ನಿಂದಲೇ ಗ್ಯಾಸ್ಟ್ರೋಪರೇಸಿಸ್ ಬಂದದ್ದು. ದೊಡ್ಡ ತಲೆನೋವು ಅಂದರೆ ಇನ್ಸುಲಿನ್ ತನ್ನ ಟೈಮಿಗೆ ಕೆಲಸ ಮಾಡುತ್ತದೆ, ಊಟ ಮಾತ್ರ ಅದರ ಮನಸ್ಸಿಗೆ ಬಂದಾಗ ಇಳಿಯುತ್ತದೆ. ರಕ್ತದ ಸಕ್ಕರೆ ಮೊದಲು ಲೋ, ಎರಡು ಗಂಟೆ ಬಿಟ್ಟು ಹೈ. ಗಟ್ಟಿಯಿಂದ ದ್ರವಕ್ಕೆ ಬದಲಾಯಿಸಿದರೆ ಊಟ ಬೇಗ ಇಳಿಯುತ್ತದೆ, ಹಾಗಾಗಿ ಇನ್ಸುಲಿನ್ ಟೈಮೂ ಬದಲಾಗಬೇಕಾಗುತ್ತದೆ. ಡಾಕ್ಟರನ್ನು ಕೇಳದೆ ಒಂದೇ ಒಂದು ಲೋಟವನ್ನೂ ಬದಲಿಸಬೇಡಿ.

ಪಥ್ಯದವಳು
ಎಲ್ಲರೂ ಕ್ಯಾಲರಿ, ಪ್ರೋಟೀನ್ ಅನ್ನುತ್ತಿದ್ದೀರಿ. ಉಳಿದದ್ದು? ನಾನು ಡಯಟಿಷಿಯನ್. ತಿಂಗಳುಗಟ್ಟಲೆ ಆಲೂಗಡ್ಡೆ, ಹಾಲು, ಎಣ್ಣೆ ಮೇಲೆ ಇದ್ದರೆ ತೂಕ ನಿಲ್ಲಬಹುದು, ಆದರೆ ಕಬ್ಬಿಣ, ಸತು, ವಿಟಮಿನ್ ಡಿ, ವಿಟಮಿನ್ ಸಿ ಎಲ್ಲ ಸದ್ದಿಲ್ಲದೆ ಕಮ್ಮಿಯಾಗುತ್ತವೆ. ಡಬ್ಬಿ ಪುಡಿ ಕಂಡರೆ ಮೂಗು ಮುರಿಯುವವರು ಒಂದು ನೆನಪಿಡಿ, ಅದರಲ್ಲಿ ಇವೆಲ್ಲ ಅಳೆದು ಹಾಕಿರುತ್ತಾರೆ. ಪ್ರಮಾಣದ ಪ್ರಕಾರ ಕುಡಿದರೆ ದಿನದ ಅಗತ್ಯ ಪೂರ್ತಿ ಸಿಗುವ ಹಾಗೆ. ಮನೆಯದ್ದು ಅಂದ ಮಾತ್ರಕ್ಕೆ ಸಂಪೂರ್ಣ ಅಲ್ಲ.

ಕಾಗೆಬಂಗಾರ
ಡಬ್ಬಿಯಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್ ಇರುತ್ತದೆ ಮೇಡಂ. ಸಕ್ಕರೆಯ ಅಣ್ಣ. ಮನೆಯಲ್ಲಿ ಕೊನೆಪಕ್ಷ ಏನು ಹಾಕಿದೆವು ಅಂತ ಗೊತ್ತಿರುತ್ತದೆ.

ಪಥ್ಯದವಳು
ಮಾಲ್ಟೋಡೆಕ್ಸ್‌ಟ್ರಿನ್ ಅಂದರೆ ಏನು? ಪಿಷ್ಟವನ್ನು ಎಂಜೈಮಿನಿಂದ ಕತ್ತರಿಸಿದ್ದು. ಮೇಲೆ ಅಡುಗೆಪ್ರಯೋಗ ಅವರು ಗಂಜಿಗೆ ಮಾಡಿದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ, ಅಲ್ವಾ? ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಿರಿ.

ಅಡುಗೆಪ್ರಯೋಗ
ಹಹ್ಹ. ಸಿಕ್ಕಿಹಾಕಿಸಿದಿರಿ ಮೇಡಂ.

ಕಾಗೆಬಂಗಾರ
ವಾದಕ್ಕೆ ಸರಿ. ರುಚಿಗೆ ಏನು ಮಾಡುತ್ತೀರಿ? ಹುಡುಗ ಕುಡಿಯುವುದೇ ಇಲ್ಲ ಅಂದ ಮೇಲೆ ಅಳತೆ ಎಷ್ಟು ಸರಿಯಿದ್ದು ಏನು ಬಂತು.

ಪಥ್ಯದವಳು
ಅದಕ್ಕೇ ಬರುತ್ತಿದ್ದೆ. ರುಚಿ ಇಲ್ಲದ, ಪರಿಮಳ ಸೇರಿಸದ ಪುಡಿಯೂ ಸಿಗುತ್ತದೆ. ಅದನ್ನು ಉಪ್ಪಿನ ಸೂಪಿಗೇ ಕಲಕಿ. ಕುದಿಯುವ ಸೂಪಿಗೆ ಬೇಡ, ಕುಡಿಯುವಷ್ಟು ಬೆಚ್ಚಗಿದ್ದಾಗ. ಅರ್ಧ ಮನೆಯದ್ದು ಅರ್ಧ ಡಬ್ಬಿಯದ್ದು ಅಂತ ನಡೆಸುವವರೇ ನನ್ನ ಹತ್ತಿರ ಜಾಸ್ತಿ. ಪೂರ್ತಿ ಮನೆಯದ್ದೇ ಆಗಬೇಕು ಅಂದರೆ ಡಾಕ್ಟರನ್ನು ಕೇಳಿ ವಿಟಮಿನ್ ಡ್ರಾಪ್ಸ್ ಬರೆಸಿಕೊಳ್ಳಿ, ಬಿ12 ಮತ್ತು ಕಬ್ಬಿಣ ಆಗಾಗ ಪರೀಕ್ಷೆ ಮಾಡಿಸಿ.

ಸಣ್ಣಕರುಳು
ಈ ಥ್ರೆಡ್ ಓದಿ ಕ್ರೋನ್ಸ್ (ಕರುಳಿನ ಉರಿಯೂತದ ಕಾಯಿಲೆ) ಇರುವವರು ಯಾರಾದರೂ ಡಬ್ಬಿ ಬಿಟ್ಟು ಆಲೂಗಡ್ಡೆಗೆ ಹೋಗುವ ಮುಂಚೆ ಬರೆಯುತ್ತಿದ್ದೇನೆ. ನಮ್ಮ ಲೆಕ್ಕ ಬೇರೆ. ಕ್ರೋನ್ಸ್‌ನಲ್ಲಿ 6ರಿಂದ 8 ವಾರ ಬೇರೇನೂ ತಿನ್ನದೆ ಬರೀ ಫಾರ್ಮುಲಾ, ಅಂದರೆ ಡಬ್ಬಿಯ ದ್ರವ ಆಹಾರ, ಕುಡಿಯುವುದೇ ಒಂದು ಚಿಕಿತ್ಸೆ, ಮಕ್ಕಳಿಗಂತೂ ಸ್ಟೀರಾಯ್ಡ್‌ಗಿಂತ ಮೊದಲು ಅದನ್ನೇ ಕೊಡುತ್ತಾರೆ. ಅಲ್ಲಿ ಉದ್ದೇಶ ತೂಕ ಮಾತ್ರ ಅಲ್ಲ, ಕರುಳಿನ ಉರಿ ಇಳಿಸುವುದು. ಅದರ ಜಾಗಕ್ಕೆ ಮನೆಯ ಸ್ಮೂದಿ ಹಾಕಿದರೆ ಅದೇ ಫಲ ಸಿಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅರ್ಧ ಫಾರ್ಮುಲಾ, ಜೊತೆಗೆ ಆರಿಸಿದ ಕೆಲವೇ ಆಹಾರ ಅನ್ನುವ ಪದ್ಧತಿಯನ್ನು 2019ರಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ, ಪೂರ್ತಿ ಫಾರ್ಮುಲಾಗಿಂತ ಅದನ್ನು ಮಕ್ಕಳು ಚೆನ್ನಾಗಿ ತಡೆದುಕೊಂಡರು. ಆದರೆ ಅದಕ್ಕೂ ಪಟ್ಟಿ ಇದೆ, ಮನಸ್ಸಿಗೆ ಬಂದದ್ದು ರುಬ್ಬುವುದಲ್ಲ.

ಕರುಳು ಕಿರಿದಾಗಿರುವವರಿಗೆ ಮಾತ್ರ ಸೋಸುವ ಪಾಠ ಇಲ್ಲಿಂದಲೇ ತೆಗೆದುಕೊಳ್ಳಬಹುದು. ಬೀಜ, ಸಿಪ್ಪೆ, ಎಳೆ ಅಲ್ಲೇ ಹೋಗಿ ಸಿಕ್ಕಿಕೊಳ್ಳುವುದು.

ಬೆಳದಿಂಗಳು
ಪ್ಯಾಂಕ್ರಿಯಾಸ್ ಸಮಸ್ಯೆಯವರೂ ಇದ್ದರೆ ಕೇಳಿ. ಜೀರ್ಣಕ್ಕೆ ಕೊಡುವ ಎಂಜೈಮ್ ಕ್ಯಾಪ್ಸೂಲ್ ಊಟಕ್ಕೆ ಮಾತ್ರ, ಕುಡಿಯುವುದಕ್ಕೆ ಬೇಡ ಅಂತ ನಮ್ಮಪ್ಪ ಹಟ ಹಿಡಿದಿದ್ದರು. ಹಾಲು, ಎಣ್ಣೆ, ಪ್ರೋಟೀನ್ ಇರುವ ಯಾವ ಲೋಟಕ್ಕೂ ಅದು ಬೇಕು. ಮೊದಲ ಗುಟುಕಿನ ಜೊತೆ ನುಂಗಬೇಕು. ತುಂಬಾ ಹೊತ್ತು ಗುಟುಕರಿಸುವವರಾದರೆ ಅರ್ಧ ಮೊದಲು, ಅರ್ಧ ನಡುವೆ. ಬಿಸಿ ಸೂಪಿಗೆ ಬಿಚ್ಚಿ ಹಾಕಬಾರದು, ಕಾಳುಗಳನ್ನು ಅಗಿಯಬಾರದು.

ಗುಟುಕುರಾಯ
ನಾನೇ ಆ ತಮ್ಮ.

ಅಕ್ಕ ಇಲ್ಲಿ ಬರೆಯುತ್ತಿದ್ದಾಳೆ ಅಂತ ಇವತ್ತು ಗೊತ್ತಾಯಿತು. ಅಕ್ಕಾ, ಆಲೂಗಡ್ಡೆ ಚೆನ್ನಾಗಿದೆ. ಕ್ಯಾರೆಟ್ ಬಿಟ್ಟುಬಿಡು, ಕೈ ಮುಗಿಯುತ್ತೇನೆ. ಮತ್ತೆ ಕುಡಿಯುವಾಗ ಎದುರಿಗೆ ನಿಂತು ಮುಖ ನೋಡುತ್ತಾ ಇರಬೇಡ. ನೀನು ನೋಡುತ್ತಿದ್ದರೆ ಅರ್ಧ ಲೋಟಕ್ಕೇ ಹೊಟ್ಟೆ ತುಂಬುತ್ತದೆ.

ಉಳಿದವರಿಗೆ ಒಂದು ಪ್ರಶ್ನೆ. ಅಗಿಯಬೇಕು ಅನಿಸುವುದಕ್ಕೆ ಏನು ಮಾಡುತ್ತೀರಿ? ಹೊಟ್ಟೆ ತುಂಬಿರುತ್ತದೆ, ಹಲ್ಲಿಗೆ ಮಾತ್ರ ಹಸಿವು.

ಹಳೇಮಿಕ್ಸಿ
ಬಾರಪ್ಪಾ ಗುಟುಕುರಾಯ, ಹೆಸರು ಚೆನ್ನಾಗಿದೆ.

ಬಾಯಲ್ಲಿ ಕರಗುವಂಥ ಬಿಸ್ಕೆಟ್ ಒಂದು, ಚೆನ್ನಾಗಿ ಅಗಿದು, ಬಾಯಲ್ಲೇ ನೀರಾಗುವ ತನಕ ಇಟ್ಟುಕೊಂಡು ನುಂಗುತ್ತೇನೆ. ಡಾಕ್ಟರು ಬೇಡ ಅನ್ನದಿದ್ದರೆ ನೋಡಿ. ಎಲ್ಲವೂ ದ್ರವವೇ ಆಗಬೇಕು ಅಂತಲೂ ಇಲ್ಲ. ಸ್ವೀಡನ್‌ನಲ್ಲಿ ಡಯಾಬಿಟೀಸ್‌ನಿಂದ ಗ್ಯಾಸ್ಟ್ರೋಪರೇಸಿಸ್ ಬಂದವರ ಮೇಲೆ ಒಂದು ಅಧ್ಯಯನ ಆಗಿದೆ, 2014ರದು. ಫೋರ್ಕಿನಲ್ಲಿ ಒತ್ತಿದರೆ ಹಿಟ್ಟಾಗುವಂಥ ಊಟ ಕೊಟ್ಟರು. ವಾಕರಿಕೆ, ವಾಂತಿ, ಉಬ್ಬರ ಕಡಿಮೆಯಾಯಿತು, ಹೊಟ್ಟೆ ನೋವು ಮಾತ್ರ ಅಷ್ಟಾಗಿ ಇಳಿಯಲಿಲ್ಲ. ಬೆಂದ ಆಲೂಗಡ್ಡೆ, ಮೆತ್ತನೆ ಮೀನು, ಅಂಥದ್ದು. ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರನ್ನು ಕೇಳಿ ಬೆಳಿಗ್ಗೆ ಹೊತ್ತು ಅದನ್ನು ಪ್ರಯತ್ನಿಸಿ. ಸಂಜೆಗೆ ದ್ರವ. ನಮ್ಮ ಹೊಟ್ಟೆ ಸಂಜೆಯಾಗುತ್ತಾ ಬಂದಂತೆ ಸೋಮಾರಿಯಾಗುತ್ತದೆ.

ರಾತ್ರಿಪಾಳಿ
ಕುಡಿದ ಮೇಲೆ ಮಲಗಬೇಡ ತಮ್ಮಾ, ಒಂದೆರಡು ಗಂಟೆ ಕೂತಿರು ಅಥವಾ ನಿಧಾನಕ್ಕೆ ಓಡಾಡು. ಕೊಟ್ಟಿರುವ ಔಷಧಿ ಮೆಟೊಕ್ಲೋಪ್ರಮೈಡ್ ಆಗಿದ್ದರೆ ನಾಲಿಗೆ, ತುಟಿ, ಮುಖ ತಾನಾಗಿ ಅಲುಗುತ್ತಿದೆ ಅನಿಸಿದ ಕೂಡಲೇ ಡಾಕ್ಟರಿಗೆ ಹೇಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಇದರ ಬಗ್ಗೆ ಕಠಿಣ ಎಚ್ಚರಿಕೆ ಹಾಕಿಸಿದೆ, 12 ವಾರ ಮೀರಿ ಸುಮ್ನೆ ಮುಂದುವರಿಸುವ ಔಷಧಿ ಅಲ್ಲ ಅದು. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ? ಬಲವಾದ ನೋವಿನ ಮಾತ್ರೆಗಳು, ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದು, ಇವೆಲ್ಲ ಜಠರವನ್ನು ಇನ್ನೂ ನಿಧಾನ ಮಾಡುತ್ತವೆ.

ಗುಟುಕುರಾಯ
ಇಲ್ಲ, ಅದೊಂದೇ. ಹೆಸರು ನೋಡಿ ಹೇಳುತ್ತೇನೆ. ತೂಕ ಇಳಿಸುವ ಚುಚ್ಚುಮದ್ದು ನನಗೆ ಯಾಕೆ ಬೇಕು, ನನ್ನ ಪ್ಯಾಂಟ್ ನೋಡಿದರೆ ಗೊತ್ತಾಗುತ್ತದೆ.

ನೀಲಿಛತ್ರಿ
ಎದುರಿಗೆ ನಿಲ್ಲುವುದಿಲ್ಲ ಕಣೋ. ಕ್ಯಾರೆಟ್ ಬಗ್ಗೆ ಯೋಚಿಸುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಬೆಳಿಗ್ಗೆ ಒಮ್ಮೆಲೇ ಮಾಡಿಟ್ಟರೆ ನಡೆಯುತ್ತದಾ? ದಿನಕ್ಕೆ ಆರು ಸಲ ಮಿಕ್ಸಿ ಹಾಕಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ.

ಅಡುಗೆಪ್ರಯೋಗ
ನಡೆಯುತ್ತದೆ, ಆದರೆ ಹಾಲು, ಮಾಂಸ, ಪಿಷ್ಟ ಒಟ್ಟಿಗೆ ಇರುವ ಬೆಚ್ಚಗಿನ ದ್ರವ ಅಂದರೆ ರೋಗಾಣುಗಳಿಗೆ ಹಬ್ಬ. 5ರಿಂದ 60 ಡಿಗ್ರಿ ನಡುವೆ ಅವು ಬೆಳೆಯುತ್ತವೆ. ಮಾಡಿದ ಕೂಡಲೇ ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ, ಡಬ್ಬಿಯನ್ನು ತಣ್ಣೀರಿನಲ್ಲಿ ಇಟ್ಟು ಬೇಗ ಆರಿಸಿ, ಫ್ರಿಜ್ಜಿಗೆ. ದೊಡ್ಡ ಪಾತ್ರೆಯಲ್ಲಿ ಇಟ್ಟರೆ ನಡು ಆರುವುದಕ್ಕೆ ತುಂಬಾ ಹೊತ್ತು ಬೇಕು. ಫ್ರಿಜ್ಜಿನಲ್ಲಿ 24 ಗಂಟೆ, ಹೊರಗೆ ಇಟ್ಟದ್ದು ಎರಡು ಗಂಟೆ ದಾಟಿದರೆ ಚೆಲ್ಲಿ. ಗುಟುಕರಿಸಿ ಅರ್ಧ ಉಳಿಸಿದ ಲೋಟವನ್ನು ಮತ್ತೆ ಫ್ರಿಜ್ಜಿಗೆ ಇಡಬೇಡಿ. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಟ್ಟರೆ ಬೇಕಾದಾಗ ಬೇಕಾದಷ್ಟು ತೆಗೆಯಬಹುದು. ಆಲೂಗಡ್ಡೆಯದ್ದು ಕರಗಿದಾಗ ನೀರು ಬಿಟ್ಟುಕೊಂಡು ಮರಳು ಮರಳಾಗುತ್ತದೆ, ಕುದಿಸಿ ಇನ್ನೊಮ್ಮೆ ಮಿಕ್ಸಿ ತಿರುಗಿಸಿ.

ಬಿಸಿ ಬಿಸಿಯಾಗಿ ಜಾರ್ ತುಂಬಾ ಹಾಕಿ ಮುಚ್ಚಳ ಬಿಗಿದು ಸ್ವಿಚ್ ಒತ್ತಬೇಡಿ. ಆವಿ ಮುಚ್ಚಳವನ್ನೇ ಎಸೆಯುತ್ತದೆ. ಅರ್ಧ ಜಾರ್ ಸಾಕು.

ಬೆಳದಿಂಗಳು
ನಮ್ಮ ಅಡುಗೆಮನೆಯ ಮೇಲ್ಛಾವಣಿಯಲ್ಲಿ ಇನ್ನೂ ಕುಂಬಳಕಾಯಿ ಇದೆ.

ಕೊಳವೆಪುರಾಣ
ಇದನ್ನೇ ಹೊಟ್ಟೆಯ ಟ್ಯೂಬಿಗೆ ಕೊಡಬಹುದಾ? ಅಮ್ಮನಿಗೆ ಟ್ಯೂಬ್ ಹಾಕಿದ್ದಾರೆ.

ಪಥ್ಯದವಳು
ಟ್ಯೂಬ್ ಎಲ್ಲಿದೆ, ಎಷ್ಟು ದಪ್ಪ ಅನ್ನುವುದರ ಮೇಲೆ ಇದೆ. ಜಠರಕ್ಕೆ ನೇರ ಹಾಕಿದ್ದು, 14 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಅಥವಾ ಅದಕ್ಕಿಂತ ದಪ್ಪದ್ದಾದರೆ ಸಾಮಾನ್ಯವಾಗಿ ಆಗುತ್ತದೆ. ಮೂಗಿನ ತೆಳು ಟ್ಯೂಬ್ ಕಟ್ಟಿಕೊಳ್ಳುತ್ತದೆ. ಸಣ್ಣಕರುಳಿಗೆ ಹಾಕಿದ ಟ್ಯೂಬಿಗೆ ಬೇಡವೇ ಬೇಡ, ಅಲ್ಲಿ ಜಠರದ ಆಮ್ಲದ ಕಾವಲು ಇರುವುದಿಲ್ಲ. ಟ್ಯೂಬ್ ಹಾಕಿದ ತಂಡವನ್ನು ಕೇಳಿ ಶುರು ಮಾಡಿ. ಬೇರೆ ಥ್ರೆಡ್ ತೆರೆದರೆ ಅಲ್ಲಿ ವಿವರವಾಗಿ ಬರೆಯುತ್ತೇನೆ.

ಲೆಕ್ಕದಮೇಷ್ಟ್ರು
ವಾಂತಿಯಾಗುವ ದಿನಕ್ಕೆ ಒಂದು ಲೆಕ್ಕ ಬರೆದಿಟ್ಟುಕೊಳ್ಳಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಇರಲಿ. ಅದು ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು 1 ಲೀಟರ್, ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ. ಅದೊಂದು ದಿನ ಕ್ಯಾಲರಿ ಮರೆತುಬಿಡಿ, ನೀರು ಉಳಿದರೆ ಸಾಕು. ಅದೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ.

ಮೀನಾಕ್ಷರ
ಸಿಹಿ ಲೋಟ ಇಡೀ ದಿನ ಗುಟುಕರಿಸುವವರು ಹಲ್ಲನ್ನೂ ನೋಡಿಕೊಳ್ಳಿ. ಕುಡಿದಾದ ಮೇಲೆ ಬಾಯಿ ಮುಕ್ಕಳಿಸಿ. ವಾಂತಿಯಾದ ಕೂಡಲೇ ಬ್ರಷ್ ಮಾಡಬೇಡಿ, ಆಮ್ಲದಿಂದ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್. ಇದನ್ನು ನನಗೆ ಹಲ್ಲಿನ ಡಾಕ್ಟರು ಹೇಳಿದರು, ಹೊಟ್ಟೆ ಡಾಕ್ಟರು ಯಾರೂ ಹೇಳಿರಲಿಲ್ಲ.

ಗುಟುಕುರಾಯ
ಮೊಳಕೆ ಹಿಟ್ಟಿನ ಗಂಜಿ ಅಕ್ಕ ಇವತ್ತು ಮಾಡಿದಳು. ಚಮಚದಿಂದ ಧಾರೆಯಾಗಿ ಬೀಳುತ್ತದೆ ಅಂದಿದ್ದು ನಿಜ. ಸ್ವಲ್ಪ ಸಿಹಿ ಬಂತು, ಉಪ್ಪು ಮೆಣಸು ಹಾಕಿ ಸರಿ ಮಾಡಿಕೊಂಡೆವು. ಸಿಹಿ ಗೊತ್ತಾಗದ ಹಾಗೆ ಮಾಡುವುದು ಹೇಗೆ?

ಅಡುಗೆಪ್ರಯೋಗ
ಜಾಸ್ತಿ ಹೊತ್ತು ಬಿಟ್ಟಿರುತ್ತೀರಿ. ಧಾರೆ ಬೀಳಲು ಶುರುವಾದ ಕೂಡಲೇ ಕುದಿಸಿ ನಿಲ್ಲಿಸಿ, ಬಿಟ್ಟಷ್ಟೂ ಸಿಹಿ ಏರುತ್ತದೆ. ಹಿಟ್ಟೂ ಅರ್ಧ ಚಮಚಕ್ಕೆ ಇಳಿಸಿ. ಒಂದೆರಡು ಹನಿ ನಿಂಬೆ ರಸ ಹಿಂಡಿದರೂ ಸಿಹಿ ಅಡಗುತ್ತದೆ, ಆದರೆ ಹಾಲಿನ ಪುಡಿ ಹಾಕಿದ್ದರೆ ಒಡೆಯುತ್ತದೆ, ನೋಡಿಕೊಂಡು ಹಿಂಡಿ.

ನೀಲಿಛತ್ರಿ
ಸರಿ, ನಾಳೆ ಅರ್ಧ ಚಮಚ. ಜರಡಿ ತೊಳೆಯುವುದೇ ಒಂದು ಕೆಲಸವಾಗಿಬಿಟ್ಟಿದೆ, ಅದಕ್ಕೇನಾದರೂ ಉಪಾಯ?

ಹಳೇಮಿಕ್ಸಿ
ಸೋಸಿದ ಕೂಡಲೇ ಕವುಚಿ ಹಾಕಿ ಹಿಂಭಾಗದಿಂದ ನಲ್ಲಿ ನೀರು ಬಿಡಿ. ತಣ್ಣೀರು, ಬಿಸಿ ಬೇಡ, ಪಿಷ್ಟ ಇನ್ನೂ ಅಂಟುತ್ತದೆ. ಒಣಗಲು ಬಿಟ್ಟರೆ ಹಳೆಯ ಟೂತ್ ಬ್ರಷ್ಷೇ ಗತಿ.